ಪೊಟ್ಟಣದ ಬೆನ್ನು

ಆರೋಗ್ಯ ಎಂಬುದು ಈಗ ಒಂದು ಕಪಾಟಿನ ಹೆಸರಾಗಿಬಿಟ್ಟಿದೆ. ಮೊಬೈಲಿನಲ್ಲಿ ದಿನಸಿ ತರಿಸಿಕೊಳ್ಳುವ ಯಾವ ಕಂಪೆನಿಯ ಅಂಗಡಿಯನ್ನಾದರೂ ತೆರೆದು ನೋಡಿ. ಅಕ್ಕಿ, ಬೇಳೆ, ಎಣ್ಣೆ, ಸಾಬೂನುಗಳ ಸಾಲಿನಲ್ಲಿ 'ಹೆಲ್ದಿ' ಎನ್ನುವ ಕಪಾಟೊಂದು ಪ್ರತ್ಯೇಕವಾಗಿ ಇರುತ್ತದೆ. ಅದರೊಳಗೆ ಇಟ್ಟದ್ದೆಲ್ಲ ಆರೋಗ್ಯವಂತೆ. ಹಾಗಾದರೆ ಉಳಿದ ಕಪಾಟುಗಳಲ್ಲಿ ಇರುವುದೇನು ಎಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮನೆ ಬಾಗಿಲಿಗೆ ಸಾಮಾನು ಬರುವುದರ ಮೇಲೆ ನನಗೇನೂ ಸಿಟ್ಟಿಲ್ಲ. ಬಸ್ಸಿನಲ್ಲಿ ನಿಂತು, ಎರಡೂ ಕೈಯಲ್ಲಿ ಚೀಲ ಹಿಡಿದು ದಾವಣಗೆರೆಯಿಂದ ಮಾಯಕೊಂಡಕ್ಕೆ ಬಂದವರಿಗೆ ಆ ಸುಖದ ಬೆಲೆ ಗೊತ್ತು. ನನ್ನ ಜಗಳ ಇರುವುದು ಆ ಕಪಾಟಿನ ಹೆಸರಿನ ಮೇಲೆ, ಮತ್ತು ಅದನ್ನು ನಂಬಿ ನಾವು ಮಾಡುವ ಹೋಲಿಕೆಯ ಮೇಲೆ.

ಈಗ ನಾಲ್ಕು ಜನ ಹೆಣ್ಣುಮಕ್ಕಳು ಸೇರಿದರೆ ಸೀರೆಯ ಮಾತು ಹಿಂದಾಗಿ ಈ ಮಾತು ಮುಂದಾಗಿದೆ. ದಾವಣಗೆರೆಯಲ್ಲಿ ನನ್ನ ನೆಗೆಣ್ಣಿಯ ಮನೆಯಲ್ಲಿ ಹೋದ ಶ್ರಾವಣದಲ್ಲಿ ಅರಿಶಿಣ ಕುಂಕುಮಕ್ಕೆ ಕೂತವರೆಲ್ಲ ಇದನ್ನೇ ಚರ್ಚಿಸಿದರು. ಒಬ್ಬರ ಪ್ರಕಾರ ಒಂದು ಕಂಪೆನಿ ಬೇಗ ತಂದುಕೊಡುತ್ತದೆ. ಇನ್ನೊಬ್ಬರಿಗೆ ಇನ್ನೊಂದು ಕಂಪೆನಿಯಲ್ಲಿ ತಲುಪಿಸುವ ಕೂಲಿ ಇಲ್ಲ. ಮೂರನೆಯವರು ಕೂಪನ್ನಿನ ಗುಟ್ಟು ಹೇಳಿಕೊಟ್ಟರು. 'ರಾಗಿಹಿಟ್ಟು ಬೀಸಿದ್ದು ಯಾವತ್ತು ಅಂತ ಯಾರು ಹೇಳ್ತಾರೆ?' ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು. 'ಅಕ್ಕಾ, ನೀವು ಮಾಯಕೊಂಡದೋರು, ಗಿರಣಿ ಮುಂದೆ ನಿಂತು ಬೀಸಿಸ್ಕೊಂಡು ಬರ್ತೀರಿ. ನಮಗೆಲ್ಲಿ ಪುರುಸೊತ್ತು?' ಎಂದಳು ಒಬ್ಬಾಕೆ. ಪುರುಸೊತ್ತಿನ ಮಾತಿಗೆ ಆಮೇಲೆ ಬರುತ್ತೇನೆ.

ಈ ವ್ಯಾಪಾರ ಎಷ್ಟು ಬೇಗ ಬೆಳೆಯಿತೆಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಬಿಗ್‌ಬಾಸ್ಕೆಟ್ ಬೆಂಗಳೂರಿನಲ್ಲಿ ಹುಟ್ಟಿದ್ದು 2011ರಲ್ಲಿ. 2021ರಲ್ಲಿ ಜೆಪ್ಟೊ ಬಂದು ಹತ್ತು ನಿಮಿಷದ ಮಾತಾಡಿತು. ಅದೇ ವರ್ಷ ಗ್ರೋಫರ್ಸ್ ಎಂಬುದು ಬ್ಲಿಂಕಿಟ್ ಎಂದು ಹೆಸರು ಬದಲಿಸಿಕೊಂಡಿತು. ಅಲ್ಲಿಂದ ಎಲ್ಲರ ಪಂದ್ಯವೂ ಗಡಿಯಾರದ ಜೊತೆಗೇ. ಆದರೆ ಹತ್ತು ನಿಮಿಷದಲ್ಲಿ ಬಂದ ಹಿಟ್ಟು ಗೋದಾಮಿನಲ್ಲಿ ಎಷ್ಟು ತಿಂಗಳು ಕೂತಿತ್ತು ಎನ್ನುವುದು ಆ ಗಡಿಯಾರದಲ್ಲಿ ಕಾಣುವುದಿಲ್ಲ.

ಒಂದು ತಿಂಗಳು ಹಟ ಹಿಡಿದು ನಾನೂ ಹೋಲಿಸಿ ನೋಡಿದೆ. ಮೂರು ಕಂಪೆನಿ, ನಾಲ್ಕು ಸಾಮಾನು: ರಾಗಿಹಿಟ್ಟು, ನವಣೆ ಅಕ್ಕಿ, ಸಿರಿಧಾನ್ಯದ ಬಿಸ್ಕತ್ತು, ನುಗ್ಗೆಸೊಪ್ಪಿನ ಪುಡಿ. ಎರಡು ಕಂಪೆನಿಯ ಪೊಟ್ಟಣಗಳನ್ನು ನೆಗೆಣ್ಣಿಯ ಮನೆಗೆ ತರಿಸಿದೆ. ಮೂರನೆಯದು ಕೊರಿಯರಿನಲ್ಲಿ ನಮ್ಮೂರಿಗೇ ಬಂತು, ಆರು ದಿನ ತಡೆದು.

ಮೊದಲಿಗೆ ಬೆಲೆ. ಒಬ್ಬರು 400 ಗ್ರಾಂ ಕಟ್ಟುತ್ತಾರೆ, ಒಬ್ಬರು 450, ಇನ್ನೊಬ್ಬರು 500. ಕಿಲೋ ಲೆಕ್ಕ ಹಾಕಬಾರದೆಂದೇ ಹೀಗೆ ಕಟ್ಟುತ್ತಾರೇನೋ ಎಂಬ ಗುಮಾನಿ ನನಗೆ. ಪೆನ್ನು ಹಿಡಿದು ಕಿಲೋಗೆ ತಂದು ನೋಡಿದರೆ, ಕೂಪನ್ ಕಳೆದ ಮೇಲೂ ಮೂವರ ನಡುವೆ ಅಂಥ ವ್ಯತ್ಯಾಸವೇನೂ ಉಳಿಯಲಿಲ್ಲ. ವ್ಯತ್ಯಾಸ ಇದ್ದದ್ದು ಆ ಮೂವರಿಗೂ ರೈತನಿಗೂ ನಡುವೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಗೂ ಕಡಿಮೆ. ನನ್ನ ಕೈಗೆ ಬಂದ ಹಿಟ್ಟು ಒಂದು ಕಡೆ ಅದರ ಎರಡು ಪಟ್ಟು, 'ಆರ್ಗ್ಯಾನಿಕ್' ಎಂದು ಬರೆದ ಕಡೆ ಮೂರು ಪಟ್ಟು. ಸುಂಕದ ಮಾತನ್ನೂ ಹೇಳಿಬಿಡುತ್ತೇನೆ: 2022ರ ಜುಲೈ 18ರಿಂದ ಚೀಟಿ ಅಂಟಿಸಿ ಕಟ್ಟಿದ, 25 ಕಿಲೋವರೆಗಿನ ಧಾನ್ಯದ ಪೊಟ್ಟಣಕ್ಕೆ ಶೇಕಡಾ 5 ಜಿ.ಎಸ್.ಟಿ. ಹಾಕಿದರು. ಬಿಡಿಯಾಗಿ ತೂಗಿಸಿಕೊಂಡ ಕಾಳಿಗೆ ಅದಿಲ್ಲ.

ನವಣೆಯದು ಬೇರೆ ಕಥೆ. ಬಂದ ಎರಡು ಪೊಟ್ಟಣಗಳಲ್ಲಿ ನವಣೆ ಅಕ್ಕಿ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿತ್ತು. ನನ್ನತ್ತೆ ಇದ್ದಿದ್ದರೆ 'ಇದಕ್ಕೆ ಜ್ವರ ಬಂದೈತೇನೇ?' ಎಂದು ಕೇಳುತ್ತಿದ್ದರು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗುಗಳಿಗೆ ಗಟ್ಟಿ ಸಿಪ್ಪೆ ಇರುತ್ತದೆ. ಸಿಪ್ಪೆ ತೆಗೆಯಲೇಬೇಕು. ಅದರ ಕೆಳಗಿರುವ ತೌಡಿನ ಪದರವನ್ನೂ ಉಜ್ಜಿ ತೆಗೆದರೆ ಅಕ್ಕಿ ಬೆಳ್ಳಗಾಗುತ್ತದೆ, ಬೇಗ ಬೇಯುತ್ತದೆ, ಬಹುಕಾಲ ಇಟ್ಟರೂ ಮುಗ್ಗುವಾಸನೆ ಬರುವುದಿಲ್ಲ. ಗೋದಾಮಿಗೆ ಇದು ಅನುಕೂಲ. ಆದರೆ ನಾರು, ಕಬ್ಬಿಣ, ಒಳ್ಳೆಯ ಕೊಬ್ಬು ಬಹುಪಾಲು ಇರುವುದು ಆ ತೌಡಿನಲ್ಲೇ. ಯಾವುದಕ್ಕೆಂದು ದುಬಾರಿ ದುಡ್ಡು ಕೊಟ್ಟೆವೋ ಅದನ್ನೇ ತೆಗೆದು, ಉಳಿದದ್ದನ್ನು ನಮಗೆ ಕಳಿಸುತ್ತಾರೆ. ಪಾಲಿಶ್ ಮಾಡಿದ್ದೋ ಇಲ್ಲವೋ ಎಂದು ಆ ಎರಡೂ ಪೊಟ್ಟಣಗಳ ಮೇಲೆ ಒಂದಕ್ಷರ ಇರಲಿಲ್ಲ. ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದೆಂಬ ಅರ್ಥ ಬರುವಂತೆ ಚಿತ್ರ ಮಾತ್ರ ಹಾಕಿದ್ದರು. ನವಣೆಯೂ ಧಾನ್ಯವೇ ತಾಯಿ, ನೂರು ಗ್ರಾಮಿನಲ್ಲಿ ಸುಮಾರು 60 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಎರಡು ತಟ್ಟೆ ಉಂಡರೆ ಎರಡು ತಟ್ಟೆಯ ಲೆಕ್ಕವೇ.

ಬಿಸ್ಕತ್ತಿನ ಪೊಟ್ಟಣದ ಮುಖದ ಮೇಲೆ ರಾಗಿ ತೆನೆ, ಜೋಳದ ತೆನೆ, ನಗುವ ಮಗು. ಪೊಟ್ಟಣದ ಬೆನ್ನು ತಿರುಗಿಸಿ ಓದಿದೆ. ನೀವೂ ಓದಿ, ಕನ್ನಡಕ ಹಾಕಿಕೊಂಡಾದರೂ ಓದಿ. ಯಾವ ಪದಾರ್ಥದ ತೂಕ ಹೆಚ್ಚೋ ಅದನ್ನು ಮೊದಲು, ಕಡಿಮೆಯದನ್ನು ಕೊನೆಗೆ ಬರೆಯಬೇಕೆಂಬುದು ಈ ದೇಶದ ನಿಯಮ. ನನ್ನ ಬಿಸ್ಕತ್ತಿನಲ್ಲಿ ಮೊದಲನೆಯದು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ಹೆಸರಿಗೆ ಕಾರಣವಾದ ರಾಗಿಗೆ ಐದನೆಯ ಸ್ಥಾನ, ಅದೂ ಶೇಕಡಾ 6. ಮದುವೆ ಮನೆಯಲ್ಲಿ ಮದುಮಗಳನ್ನು ಐದನೆಯ ಸಾಲಿನಲ್ಲಿ ಕೂರಿಸಿದಂತೆ! ಇಂಥದನ್ನು ಆ ಕಂಪೆನಿ ಯಾವ ಕಪಾಟಿನಲ್ಲಿ ಇಟ್ಟಿತ್ತು ಎಂದು ಹೇಳಬೇಕಿಲ್ಲವಷ್ಟೆ.

ಈ ಕಪಾಟಿನ ಹೆಸರಿಗೆ ಕಾನೂನಿನ ಬಲವೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವೇ ಹೇಳಿತು: 'ಹೆಲ್ತ್ ಡ್ರಿಂಕ್' ಎಂಬ ಮಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅರ್ಥ ಕೊಟ್ಟಿಲ್ಲ, ಹಾಲಿನ, ಧಾನ್ಯದ, ಮಾಲ್ಟಿನ ಪುಡಿಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು. ಬೋರ್ನ್‌ವಿಟಾ ಮುಂತಾದವನ್ನು ಆ ಪಟ್ಟಿಯಿಂದ ತೆಗೆಯಿರೆಂದು ವಾಣಿಜ್ಯ ಇಲಾಖೆಯೂ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ತಲೆಮಾರುಗಳ ಕಾಲ ನಾವು ಮಕ್ಕಳಿಗೆ ಕಾಸಿಕೊಟ್ಟದ್ದರ ಹೆಸರು ಒಂದು ದಿನ ಸದ್ದಿಲ್ಲದೆ ಬದಲಾಯಿತು. ಡಬ್ಬಿಯೊಳಗಿನದು ಬದಲಾಗಲಿಲ್ಲ, ಕಪಾಟು ಬದಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ಸೂಚನೆ ಬಂತು: ಗಿರಾಕಿಯ ಕೈಗೆ ತಲುಪುವಾಗ ಪದಾರ್ಥದ ಆಯಸ್ಸು ಶೇಕಡಾ 30ರಷ್ಟಾದರೂ, ಇಲ್ಲವೇ ಮುಗಿಯಲು 45 ದಿನವಾದರೂ ಉಳಿದಿರಬೇಕು. ನನಗೆ ಬಂದ ರಾಗಿಹಿಟ್ಟೊಂದರಲ್ಲಿ ಉಳಿದಿದ್ದದ್ದು ಹದಿನಾರು ದಿನ. ದೂರು ಬರೆದೆ. ದುಡ್ಡು ವಾಪಸು ಬಂತು, ಉತ್ತರ ಬರಲಿಲ್ಲ.

ನುಗ್ಗೆಸೊಪ್ಪಿನ ಪುಡಿಯ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಅದರ ಹೆಸರು 'ಮೊರಿಂಗಾ'. ಅಗಸಿಗೆ 'ಫ್ಲ್ಯಾಕ್ಸ್'. ಅಗಸಿ ಚಟ್ನಿಪುಡಿ ಮುಟ್ಟದ ನನ್ನ ತಂಗಿಯ ಸೊಸೆ ಫ್ಲ್ಯಾಕ್ಸನ್ನು ಮೊಸರಿಗೆ ಬೆರೆಸಿಕೊಂಡು ತಿನ್ನುತ್ತಾಳೆ. ಎರಡೂ ಒಂದೇ ಎಂದರೆ ನಂಬುವುದಿಲ್ಲ. ಧಾನ್ಯಗಳ ಹೆಸರಿನದೂ ಇದೇ ಪಾಡು. ಬಡವರ ಗುಡಿಸಿಲಲ್ಲಿ ಬೇಯುವಾಗ ಅವಕ್ಕೆ ತೃಣಧಾನ್ಯ ಎಂಬ ಹೆಸರಿತ್ತು, ಅಂದರೆ ಹುಲ್ಲಿನ ಕಾಳು. ಪೊಟ್ಟಣಕ್ಕೆ ಬಂದಾಗ ಸಿರಿಧಾನ್ಯವಾದವು. 2023ರಲ್ಲಿ ವಿಶ್ವಸಂಸ್ಥೆ ಅವುಗಳ ವರ್ಷ ಆಚರಿಸಿತು, ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಅವು 'ಶ್ರೀ ಅನ್ನ'ವಾದವು. ಹೆಸರು ಏರಿತು. ನವಣೆಗೆ ಮಾತ್ರ ಈ ತನಕ ಕೇಂದ್ರದ ಬೆಂಬಲ ಬೆಲೆ ಎಂಬುದು ಇಲ್ಲ; ಆ ಭಾಗ್ಯ ಇರುವುದು ರಾಗಿ, ಜೋಳ, ಸಜ್ಜೆಗೆ.

ಇಲ್ಲಿಗೆ ನಮ್ಮೂರಿನ ವಿಷಯ ಬರಬೇಕು. ಮಾಯಕೊಂಡವನ್ನು ಚರಿತ್ರೆ ಓದಿದವರು 1748ರ ಕಾಳಗದಿಂದ, ಚಿತ್ರದುರ್ಗದ ನಾಯಕ ಬಿದ್ದ ಊರೆಂದು ಬಲ್ಲರು. ಈಗ ರೈಲಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ಮೆಕ್ಕೆಜೋಳ. ಮಳೆಗಾಲದಲ್ಲಿ ಎತ್ತ ನೋಡಿದರೂ ಅದೇ. ಜೋಳ, ನವಣೆ, ಸಾಮೆ ಬೆಳೆಯುತ್ತಿದ್ದ ಹೊಲಗಳಿಗೆ ಅದು ಬಂತು, ನಿಂತಿತು. ರೈತನನ್ನು ಬೈಯುವಂತಿಲ್ಲ; ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿಗೆ ಒಯ್ದರೆ ಕೊಳ್ಳುವವರಿದ್ದಾರೆ, ನವಣೆಗೆ ಯಾರಿದ್ದಾರೆ? ಆ ಮೆಕ್ಕೆಜೋಳ ಕೋಳಿಗಳಿಗೆ ಆಹಾರವಾಗುತ್ತದೆ, ಇತ್ತೀಚೆಗೆ ಎಥನಾಲ್ ಆಗುತ್ತದೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಪಿಷ್ಟದಿಂದ ಲಿಕ್ವಿಡ್ ಗ್ಲೂಕೋಸ್ ಮತ್ತು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪುಡಿ ತಯಾರಾಗುತ್ತವೆ. ಈಗ ಮತ್ತೆ ಪೊಟ್ಟಣದ ಬೆನ್ನು ತಿರುಗಿಸಿ. ಮಕ್ಕಳ ಪುಡಿಯಲ್ಲಿ, 'ಎನರ್ಜಿ' ಕಡ್ಡಿಯಲ್ಲಿ ಆ ಎರಡು ಹೆಸರು ಕಾಣುತ್ತವೆಯೋ ಇಲ್ಲವೋ ಹೇಳಿ. ನವಣೆಯನ್ನು ಓಡಿಸಿ ಬಂದ ಬೆಳೆಯೇ ವೇಷ ಮರೆಸಿಕೊಂಡು, ಆರೋಗ್ಯದ ಹೆಸರು ಹೊತ್ತು, ಕೊರಿಯರಿನಲ್ಲಿ ಊರಿಗೆ ಮರಳುತ್ತದೆ.

ಇಷ್ಟು ಹೇಳಿದ ಕೂಡಲೇ ಎದ್ದು ಕೂರುವ ಕೆಲವು ಗಂಡಸರಿದ್ದಾರೆ. ಅವರ ಪ್ರವಚನ ನನಗೆ ಬಾಯಿಪಾಠ: ಹಿಂದಿನ ಹೆಂಗಸರು ಕುಟ್ಟುತ್ತಿದ್ದರು, ಬೀಸುತ್ತಿದ್ದರು, ಗಟ್ಟಿಮುಟ್ಟಾಗಿದ್ದರು, ಈಗಿನವರು ಬೆರಳಲ್ಲಿ ಮೊಬೈಲು ಒತ್ತುತ್ತಾರೆ, ಆದ್ದರಿಂದಲೇ ಮನೆಮಂದಿಗೆಲ್ಲ ಬಿ.ಪಿ., ಶುಗರ್. ಈ ಮಾತನ್ನು ಒಪ್ಪಬೇಡಿ. ನನ್ನತ್ತೆ ನವಣೆ ಕುಟ್ಟುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಕೋಳಿ ಕೂಗುವ ಹೊತ್ತಿಗೆ ಒನಕೆ ಹಿಡಿದರೆ ಹತ್ತು ಜನರ ಊಟದ ಅಕ್ಕಿಗೆ ಬೆಳಕು ಹರಿಯುತ್ತಿತ್ತು. ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಹತ್ತು ಕಿಲೋ ಕಾಳಿಗೆ ಆರೇಳು ಕಿಲೋ ಅಕ್ಕಿ. ಅಂಗೈಯ ಬೊಬ್ಬೆಗಳಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತ ಅವರು ಒಮ್ಮೆಯೂ 'ಇದು ಆರೋಗ್ಯಕ್ಕೆ ಒಳ್ಳೇದು' ಎನ್ನಲಿಲ್ಲ. ಪಾಲಿಶ್ ಅಕ್ಕಿ ಅಂಗಡಿಗೆ ಬಂದ ದಿನ ಒನಕೆಯನ್ನು ಅಟ್ಟಕ್ಕೆ ಹಾಕಿದರು. ನವಣೆ ಅಡುಗೆಮನೆಯಿಂದ ಹೋದದ್ದು ಹೆಂಗಸರ ಸೋಮಾರಿತನದಿಂದಲ್ಲ. ಆ ದುಡಿಮೆಗೆ ಬದಲಾಗಿ ಒಂದು ಯಂತ್ರ ಕೊಡಬೇಕೆಂದು ಯಾರಿಗೂ ತೋಚಲಿಲ್ಲ, ಅದರಿಂದ ಹೋಯಿತು. ಭತ್ತಕ್ಕೆ ಊರೂರಿಗೆ ಮಿಲ್ಲು ಬಂತು, ನವಣೆಗೆ ಒನಕೆಯೇ ಗತಿಯಾಯಿತು. ಕೂತು ಉಣ್ಣುತ್ತಿದ್ದವರಿಗೆ ಆ ಒನಕೆಯ ಸದ್ದು ಈಗ ಸಂಗೀತವಾಗಿ ಕೇಳುತ್ತಿದೆ.

ಬಿಡಿ ಕಾಳೆಲ್ಲ ಬಂಗಾರ ಎಂದೂ ನಾನು ಹೇಳುವುದಿಲ್ಲ. ಸಂತೆಯ ಕಾಳಿನಲ್ಲಿ ಕಲ್ಲಿರುತ್ತದೆ, ತಕ್ಕಡಿಯ ಮೇಲೆ ಕಣ್ಣಿಡಬೇಕು, ಹುಳ ಬಿದ್ದರೆ ದೂರು ಬರೆಯಲು ವಿಳಾಸವಿಲ್ಲ. ಪೊಟ್ಟಣದಲ್ಲಿ ಕಟ್ಟಿದ ತಾರೀಖಾದರೂ ಇರುತ್ತದೆ, ತಿರುಗಿ ಕಳಿಸಿದರೆ ದುಡ್ಡಾದರೂ ಬರುತ್ತದೆ; ಅದು ಸಣ್ಣ ಮಾತಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಸೇರುವ ಹೆಣ್ಣುಮಗಳಿಗೆ 'ಸಂತೆಗೆ ಹೋಗಮ್ಮ' ಎನ್ನುವ ಅಧಿಕಾರ ನನಗಿಲ್ಲ. ಅವಳು ತರಿಸಿಕೊಳ್ಳಲಿ. ಆದರೆ ಹಿಟ್ಟನ್ನು ಬಿಟ್ಟು ಇಡೀ ಕಾಳನ್ನು ತರಿಸಲಿ. ರಾಗಿ, ಜೋಳ, ಸಜ್ಜೆಗಳಿಗೆ ಸಿಪ್ಪೆ ಬಿಡಿಸುವ ಕಾಟವಿಲ್ಲ, ಹತ್ತಿರದ ಗಿರಣಿಯಲ್ಲಿ ಬೀಸಿಸಿಕೊಳ್ಳಬಹುದು. ಸಜ್ಜೆಹಿಟ್ಟಂತೂ ಬೀಸಿದ ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ, ಅದನ್ನು ಪೊಟ್ಟಣದಲ್ಲಿ ಕೊಳ್ಳುವುದೇ ದಂಡ. ನವಣೆ ಅಕ್ಕಿಯಾದರೆ ಮಾಸಲು ಬಣ್ಣದ್ದನ್ನು ಆರಿಸಲಿ.

ಕೊಳ್ಳುವವರ ಜಾಣತನ ಇಷ್ಟಕ್ಕೇ ನಿಲ್ಲುತ್ತದೆ. ಮುಂದಿನದು ಯಂತ್ರದ ವಿಷಯ. ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಪಿ.ಎಂ.ಎಫ್.ಎಂ.ಇ. ಎಂಬ ಯೋಜನೆ ತಂದಾಗ ಜಿಲ್ಲೆಗೊಂದು ಪದಾರ್ಥ ಎಂದು ಆರಿಸಿತು. ದಾವಣಗೆರೆ ಜಿಲ್ಲೆಗೆ ಯಾವುದೆಂದು ಊಹಿಸಿ: ಸಿರಿಧಾನ್ಯ! ಯಂತ್ರದ ಬೆಲೆಯಲ್ಲಿ ಶೇಕಡಾ 35, ಹತ್ತು ಲಕ್ಷದ ಮಿತಿಯಲ್ಲಿ, ಸಹಾಯಧನ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ. ಕಾಗದದಲ್ಲಿ ನಾವು ಸಿರಿಧಾನ್ಯದ ಜಿಲ್ಲೆ. ನಮ್ಮೂರಿನಲ್ಲಿ ಒಂದು ಕಿಲೋ ನವಣೆಯ ಸಿಪ್ಪೆ ಬಿಡಿಸಲು ಇವತ್ತು ನಾನು ದಾವಣಗೆರೆಯ ಬಸ್ಸು ಹತ್ತಬೇಕು. ಬೆಂಗಳೂರಿನ ಗೋದಾಮಿನಿಂದ ಬೆಳ್ಳಗಿನ ನವಣೆ ಬರಲು ರಸ್ತೆಯಿದೆ; ಪಕ್ಕದ ಹೊಲದ ನವಣೆ ನನ್ನ ಒಲೆಗೆ ಬರಲು ದಾರಿಯಿಲ್ಲ. ಹೋಲಿಸಬೇಕಾದರೆ ಈ ಎರಡು ದಾರಿಗಳನ್ನು ಹೋಲಿಸಿ ನೋಡೋಣ, ಕೂಪನ್ನುಗಳನ್ನಲ್ಲ.

ನಮ್ಮ ಗಿರಣಿಯವನನ್ನು ಹೋಗಿ ಕೇಳಿದೆ. ತಲೆ ಕೆರೆದುಕೊಂಡು ಹೇಳಿದ: 'ಯಂತ್ರ ತರೋದು ದೊಡ್ಡದಲ್ಲ ಅಕ್ಕಾರೆ. ತಂದ ಮೇಲೆ ಯಾರು ಬರ್ತಾರೆ? ತಿಂಗಳಿಗೆ ಐದೈದು ಕಿಲೋ ಬಿಡಿಸ್ಕೊಳ್ಳೋ ಮನೆ ಇಪ್ಪತ್ತು ಬರೆದುಕೊಡ್ರಿ, ನಾಳೆನೇ ಬ್ಯಾಂಕಿಗೆ ಹೋಗ್ತೀನಿ.' ಒಂದು ನೋಟ್‌ಬುಕ್ ಹಿಡಿದು ಓಣಿ ಓಣಿ ಸುತ್ತುತ್ತಿದ್ದೇನೆ. ಇಲ್ಲಿಯವರೆಗೆ ಹದಿಮೂರು ಹೆಸರಾಗಿವೆ. ಹೊಲದ ಒಂದು ಮೂಲೆಗೆ ನವಣೆ ಹಾಕುತ್ತೇನೆಂದು ಇಬ್ಬರು ರೈತರು ಒಪ್ಪಿದ್ದಾರೆ. ಹದಿಮೂರರಲ್ಲಿ ನಾಲ್ಕು ಮನೆಯವರು, ಅಕ್ಕಿ ಮನೆಗೇ ತಂದುಕೊಡ್ತಾನಾ ಎಂದು ಕೇಳಿದ್ದಾರೆ. ಗಿರಣಿಯವನ ಮಗನಿಗೆ ಹೇಳಿದ್ದೇನೆ, ಅವನ ಹತ್ತಿರ ಸ್ಕೂಟರಿದೆ.