ಹೊಳೆಯಿಲ್ಲದ ಸೀಮೆಯಲ್ಲಿ ಸೇತುವೆಯ ಮಾತು

ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಸೇತುವೆ ಯಾವುದೆಂದು ಮನೆಯ ಮಕ್ಕಳು ಕೇಳಿದರೆ ಉತ್ತರ ಹೇಳುವುದು ಈಗ ಸುಲಭವಲ್ಲ. ಒಂದು ವರ್ಷ ಕಲಿತದ್ದು ಕೆಲವೇ ವರ್ಷಗಳಲ್ಲಿ ಹಳತಾಗುವುದು. ಎರಡು ಕಂಬಗಳ ನಡುವಣ ಅಂತರಕ್ಕೆ ಅಂಕಣವೆಂದು ಹೆಸರು. ಜಪಾನಿನ ಆಕಾಶಿ ಜಲಸಂಧಿಯ ತೂಗುಸೇತುವೆಯು ೧೯೯೮ರಲ್ಲಿ ೧೯೯೧ ಮೀಟರಿನ ಅಂಕಣದಿಂದ ಅಗ್ರಸ್ಥಾನವನ್ನು ಪಡೆಯಿತು. ೨೦೨೨ರಲ್ಲಿ ತುರ್ಕಿ ದೇಶದವರು ಡಾರ್ಡನೆಲ್ಸ್ ಜಲಸಂಧಿಯ ಮೇಲೆ ೨೦೨೩ ಮೀಟರಿನ ಅಂಕಣವನ್ನು ತೂಗುಹಾಕಿ ಅದನ್ನು ಹಿಂದಿಕ್ಕಿದರು. ಅವರ ಗಣರಾಜ್ಯಕ್ಕೆ ೨೦೨೩ರಲ್ಲಿ ನೂರು ವರ್ಷ ತುಂಬುವುದಿತ್ತು. ಅದಕ್ಕಾಗಿಯೇ ಆ ಸಂಖ್ಯೆ. ಎತ್ತರದ ಹೆಗ್ಗಳಿಕೆ ಚೀನಾ ದೇಶದ್ದು. ೨೦೨೫ರ ಸೆಪ್ಟೆಂಬರಿನಲ್ಲಿ ತೆರೆದ ಹುವಾಜಿಯಾಂಗ್ ಕಣಿವೆಯ ಸೇತುವೆಯು ಕೆಳಗಣ ನದಿಯಿಂದ ೬೨೫ ಮೀಟರ್ ಮೇಲಿದೆ. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ನಿಂತು ನಂದಿಬೆಟ್ಟದ ನೆತ್ತಿಯನ್ನು ನೋಡಿದವರಿಗೆ ಹೇಳುವುದಾದರೆ, ಅದಕ್ಕಿಂತಲೂ ಹೆಚ್ಚಿನ ಎತ್ತರವದು.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯವರಿಗೆ ಇದೆಲ್ಲ ಕಥೆಯಂತೆ ಕೇಳಿಸೀತು. ನಂದಿಯ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುವುವೆಂಬ ಹೆಮ್ಮೆಯೇನೋ ನಮಗುಂಟು. ಆದರೆ ತವರಿನಲ್ಲಿ ಅವು ವರ್ಷದ ಬಹುಭಾಗ ಬರಿಯ ಮರಳು. ಎತ್ತಿನ ಗಾಡಿ ಇಳಿದು ಹತ್ತುತ್ತಿದ್ದ ಹೊಳೆಗೆ ಲೋಕಪ್ರಸಿದ್ಧವಾದ ಸೇತುವೆಯನ್ನು ಯಾರು ಕಟ್ಟುವರು? ಆದರೂ ಸೇತುವೆಯ ವಿದ್ಯೆಯಲ್ಲಿ ಈ ಸೀಮೆಗೆ ಒಂದು ಪಾಲಿದೆ. ಅದನ್ನು ಹೇಳುವ ಮುನ್ನ ಹೆಗ್ಗಳಿಕೆಗೆ ತೆತ್ತ ಬೆಲೆಯ ಒಂದು ವೃತ್ತಾಂತವನ್ನು ವಾಚಕರು ಕೇಳಬೇಕು.

ಕೆನಡಾ ದೇಶದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಸೇತುವೆಯೊಂದನ್ನು ಯೋಜಿಸಿದಾಗ, ನಡುವಣ ಅಂಕಣವನ್ನು ೧೬೦೦ ಅಡಿಯಿಂದ ೧೮೦೦ ಅಡಿಗೆ ಹಿಗ್ಗಿಸಿದರು. ಅದರಿಂದ ಅದು ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ಮೀರಿಸುವಂತಾಯಿತು. ಅಂಕಣ ಹಿಗ್ಗಿದರೆ ಉಕ್ಕಿನ ತೂಕವೂ ಹೆಚ್ಚಬೇಕಷ್ಟೆ. ಆ ತೂಕವನ್ನು ಸಕಾಲದಲ್ಲಿ ಹೊಸದಾಗಿ ಗುಣಿಸಿ ನೋಡದೆ ಹಳೆಯ ಅಂದಾಜನ್ನೇ ನಂಬಿ ಕೆಲಸವನ್ನು ಮುಂದುವರಿಸಿದರು. ಕೆಳಗಣ ತೊಲೆಗಳು ಬಾಗುತ್ತಿರುವುದು ಸ್ಥಳದಲ್ಲಿದ್ದವರ ಕಣ್ಣಿಗೆ ಬಿದ್ದಿತ್ತು. ಅದು ಹೇಗಾಯಿತೆಂಬ ಬಗ್ಗೆ ಕಾಗದಪತ್ರಗಳು ಓಡಾಡುತ್ತಿದ್ದುವು. ೧೯೦೭ರ ಆಗಸ್ಟ್ ೨೯ರ ಸಾಯಂಕಾಲ ಸೇತುವೆ ಕುಸಿದು ೭೫ ಮಂದಿ ಕೆಲಸಗಾರರು ಮಡಿದರು. ಮರಳಿ ಕಟ್ಟುವಾಗಲೂ ೧೯೧೬ರಲ್ಲಿ ನಡುವಣ ತುಂಡು ನೀರಿಗೆ ಬಿದ್ದು ೧೩ ಜೀವಗಳು ಹೋದುವು. ೧೯೧೭ರಲ್ಲಿ ಮುಗಿದ ಆ ಸೇತುವೆ, ಎರಡು ಕಡೆಯಿಂದ ತೋಳು ಚಾಚಿದ ಜಾತಿಯ ಸೇತುವೆಗಳಲ್ಲಿ ಇಂದಿಗೂ ಎಲ್ಲಕ್ಕಿಂತ ಉದ್ದನೆಯದು. ಇಷ್ಟು ತೆತ್ತ ಮೇಲೆ ಆ ಹೆಸರನ್ನು ಹೆಗ್ಗಳಿಕೆಯೆನ್ನಲು ನಮಗೆ ಮನಸ್ಸು ಬಾರದು.

ಸೇತುವೆಯ ಹಿರಿಮೆಯ ಬಹುಪಾಲು ಕಣ್ಣಿಗೆ ಕಾಣದ ಕಡೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ೨೦೨೨ರಲ್ಲಿ ಬಾಂಗ್ಲಾದೇಶದವರು ಪದ್ಮಾ ನದಿಗೆ ಕಟ್ಟಿದ ಸೇತುವೆಯ ಉಕ್ಕಿನ ಕಂಬಗಳು ೧೨೦ ಮೀಟರಿಗೂ ಆಳಕ್ಕೆ ಇಳಿದಿವೆ. ಕಾಶ್ಮೀರಕ್ಕೆ ಹೋಗುವ ರೈಲುದಾರಿಯಲ್ಲಿ ಚೆನಾಬ್ ನದಿಯ ಮೇಲೆ ೩೫೯ ಮೀಟರ್ ಎತ್ತರದಲ್ಲಿ ನಿಂತು, ೨೦೨೫ರ ಜೂನ್ ೬ರಂದು ತೆರೆದ ಸೇತುವೆಯನ್ನೇ ನೋಡಿರಿ. ೪೬೭ ಮೀಟರಿನ ಉಕ್ಕಿನ ಕಮಾನನ್ನು ಎಲ್ಲರೂ ಕೊಂಡಾಡುವರು. ಆ ಕಮಾನು ಕಾಲೂರಿರುವ ಬೆಟ್ಟದ ಬಂಡೆಯೋ ಬಿರುಕುಗಳಿಂದ ಕೂಡಿದ್ದು. ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕಿ ಜಿ. ಮಾಧವಿಲತಾ ಅವರು ೧೭ ವರ್ಷಗಳ ಕಾಲ ಆ ಕೆಲಸಕ್ಕೆ ಸಲಹೆಗಾರರಾಗಿದ್ದು, ಅಗೆದಂತೆಲ್ಲ ಬಂಡೆಯ ಗುಣವನ್ನು ಕಂಡುಕೊಂಡು, ಅದಕ್ಕೆ ತಕ್ಕಂತೆ ಬುಡದ ಯೋಜನೆಯನ್ನು ತಿದ್ದುತ್ತ ಹೋದರು.

ಇನ್ನು ನಮ್ಮ ಸೀಮೆಯ ಪಾಲು. ಬಿಹಾರದ ಮೊಕಾಮದಲ್ಲಿ ಗಂಗೆಯನ್ನು ದಾಟಲು ಹಿಂದೆ ದೋಣಿ ಹಡಗುಗಳೇ ಗತಿಯಾಗಿದ್ದುವು. ಹುಲಿಯ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ ಸಾಹೇಬರು ಬಹುಕಾಲ ದುಡಿದದ್ದು ಆ ಕಡವಿನಲ್ಲಿ ಸರಕು ಇಳಿಸಿ ಏರಿಸುವ ಗುತ್ತಿಗೆಯಲ್ಲಿ. ಸ್ವಾತಂತ್ರ್ಯಾನಂತರ ಅಲ್ಲಿ ಸೇತುವೆಯೊಂದು ಬೇಕೆಂದಾದಾಗ, ಸ್ಥಳದ ಆಯ್ಕೆಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ವಿಚಾರಣೆಯೇ ಆಧಾರವಾಯಿತು. ಆಗ ಅವರ ವಯಸ್ಸು ೯೦ ದಾಟಿತ್ತು. ರೈಲಿಗೂ ಗಾಡಿಗಳಿಗೂ ದಾರಿಯುಳ್ಳ, ಸುಮಾರು ೨ ಕಿಲೋಮೀಟರ್ ಉದ್ದದ ಆ ರಾಜೇಂದ್ರ ಸೇತು ೧೯೫೯ರಲ್ಲಿ ತೆರೆಯಿತು.

ಸ್ಥಳವನ್ನು ಆರಿಸುವುದೇನು ಮಹಾ ಎಂದು ಯಾರೂ ಎಣಿಸಬಾರದು. ಗಂಗೆಯಂತಹ ನದಿ ತನ್ನ ಪಾತ್ರವನ್ನು ಆಗಾಗ ಬದಲಾಯಿಸುವುದು. ಸೇತುವೆಯನ್ನು ಇದ್ದಲ್ಲೇ ಬಿಟ್ಟು ಹೊಳೆ ಬೇರೆಡೆ ಹರಿದರೆ ಕಟ್ಟಿದವರ ಗತಿಯೇನು? ಮೇಲಾಗಿ ಪ್ರವಾಹಕಾಲದಲ್ಲಿ ತಳದ ಮರಳೇ ಎದ್ದು ಹರಿಯುವುದು. ಆ ಮರಳಿಗಿಂತ ಕೆಳಗೆ ಬುಡ ಇರಬೇಕು. ಅದಕ್ಕೆ ನಮ್ಮವರು ಹಿಡಿದ ಉಪಾಯ ಬಾವಿ. ನಮ್ಮಲ್ಲಿ ಬಾವಿಯನ್ನು ತೋಡಿ ಆಮೇಲೆ ಗೋಡೆ ಕಟ್ಟುವರು. ಅಲ್ಲಿ ಮರಳಿನ ಮೇಲೆಯೇ ದಪ್ಪನೆಯ ಗೋಡೆಯನ್ನು ಸುತ್ತ ಎಬ್ಬಿಸಿ, ಕೆಳಗಣ ಅಂಚಿಗೆ ಹರಿತವಾದ ಉಕ್ಕಿನ ಬಳೆ ತೊಡಿಸಿ, ಒಳಗಿನ ಮರಳನ್ನು ತೆಗೆಯುತ್ತ ಹೋಗುವರು. ತನ್ನ ಭಾರದಿಂದಲೇ ಬಾವಿ ಇಳಿಯುವುದು. ಇಳಿದಷ್ಟೂ ಮೇಲೆ ಗೋಡೆ ಬೆಳೆಸುವರು. ಒಂದು ಕಡೆ ವಾಲಿತೋ, ನೆಟ್ಟಗೆ ಮಾಡುವುದು ಬಹು ಕಷ್ಟ. ಬೇಕಾದ ಆಳ ಸಿಕ್ಕಿದ ಮೇಲೆ ತಳವನ್ನು ಕಾಂಕ್ರೀಟಿನಿಂದ ಮುಚ್ಚಿ ಅದರ ಮೇಲೆ ಕಂಬವನ್ನು ಎಬ್ಬಿಸುವರು.

ಆದರೆ ನಮ್ಮ ಊರುಗಳಿಗೆ ಗಂಗೆಯ ಬಾವಿಗಿಂತ ಹತ್ತಿರವಾದ ಪಾಠ ಹೈದರಾಬಾದಿನದು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ನಗರಕ್ಕೆ ನುಗ್ಗಿತು. ಮೂರು ಸೇತುವೆಗಳು ಕೊಚ್ಚಿಹೋದುವು. ೧೫೭೮ರಲ್ಲಿ ಕಟ್ಟಿದ ಪುರಾನಾ ಪೂಲ್ ಒಂದೇ ಎರಡು ದಡಗಳನ್ನು ಕೂಡಿಸಿ ನಿಂತಿತು. ಮರುವರ್ಷ ವಿಶ್ವೇಶ್ವರಯ್ಯನವರು ಕಾರಣವನ್ನು ಶೋಧಿಸಿದರು. ಮಳೆ ಭಾರಿಯಾದದ್ದು ನಿಜ. ಅದರೊಂದಿಗೆ ಮೇಲಣ ಜಲಾನಯನದಲ್ಲಿ ೨೦೦ಕ್ಕೂ ಮೇಲ್ಪಟ್ಟ ಕೆರೆಗಳು ಒಡೆದಿದ್ದುವು. ಒಂದರ ನೀರು ಮತ್ತೊಂದಕ್ಕೆ ನುಗ್ಗಿ, ಅದೂ ಒಡೆದು, ಎಲ್ಲವೂ ಕೂಡಿ ಹೊಳೆಗೆ ಬಿದ್ದುವು.

ಕೆರೆಯ ಕೆಳಗೆ ಕೆರೆಯಿರುವ ಸೀಮೆ ನಮ್ಮದು. ಆದಕಾರಣ ಈ ಮಾತು ನಮಗೆ ನೇರವಾಗಿ ತಾಗುವುದು. ೨೦೨೧ರ ನವೆಂಬರಿನ ಮಳೆಯಲ್ಲಿ ಬಹುಕಾಲ ತುಂಬದಿದ್ದ ಕೆರೆಗಳು ಕೋಡಿ ಬಿದ್ದು, ರಸ್ತೆಗಳ ಮೇಲೆ ನೀರು ಹರಿದು ಸಂಚಾರ ನಿಂತುದನ್ನು ಜಿಲ್ಲೆಯವರು ಮರೆತಿರಲಾರರು. ಒಣಗಿದ ಹೊಳೆಯನ್ನು ನೋಡಿ, ಇದಕ್ಕೆ ಇಷ್ಟು ಸಾಕೆಂದು ಎರಡು ಕಣ್ಣಿನ ಮೋರಿಯಿಟ್ಟು, ಎರಡೂ ಕಡೆ ಮಣ್ಣಿನ ಏರಿ ಹಾಕಿದರೆ, ನೀರು ಬಂದ ದಿವಸ ಅದು ಸೇತುವೆಯಾಗಿರುವುದಿಲ್ಲ, ಕಟ್ಟೆಯಾಗುವುದು. ಕಸಕಡ್ಡಿ, ಜಾಲಿಯ ಕೊಂಬೆಗಳು ಸಿಕ್ಕಿಕೊಂಡರೆ ಇದ್ದ ಕಣ್ಣೂ ಮುಚ್ಚುವುದು. ಅದಕ್ಕಿಂತ, ನೀರು ಮೇಲೆ ಹರಿದರೂ ಕಿತ್ತುಹೋಗದಂತೆ ಕಟ್ಟಿದ ಮುಳುಗುಸೇತುವೆಯೇ ಎಷ್ಟೋ ವಾಸಿ. ಒಂದೆರಡು ದಿವಸ ಕಾಯಬೇಕಾಗುವುದು, ಅಷ್ಟೆ.

ಕಣ್ಣು ಎಷ್ಟಗಲವಿರಬೇಕೆಂದು ಗೊತ್ತುಮಾಡಲು ಇಂಜಿನಿಯರುಗಳು ಮಳೆಯ ಲೆಕ್ಕವನ್ನೂ ಜಲಾನಯನದ ವಿಸ್ತಾರವನ್ನೂ ನೋಡುವರು. ಅದರ ಜೊತೆಗೆ ಊರಿನ ಹಿರಿಯರನ್ನು ಕೇಳುವುದೂ ಉಂಟು: ಅತ್ಯಂತ ದೊಡ್ಡ ನೀರು ಬಂದಾಗ ಎಲ್ಲಿಯವರೆಗೆ ಏರಿತ್ತು? ಇದಕ್ಕೆ ಬಾಯಿಮಾತಿಗಿಂತ ಗೋಡೆಯ ಮೇಲಣ ಗುರುತು ಮೇಲು. ಹೊಳೆಯಂಚಿನ ಮನೆಗಳಲ್ಲಿ, ಗುಡಿಗಳಲ್ಲಿ ೨೦೨೧ರ ನೀರಿನ ಕಲೆ ಇನ್ನೂ ಉಳಿದಿದ್ದರೆ, ಹಬ್ಬಕ್ಕೆ ಸುಣ್ಣ ಬಳಿಯುವ ಮುನ್ನ ಆ ಮಟ್ಟದಲ್ಲಿ ಉಳಿಯಿಂದ ಒಂದು ಗೆರೆ ಕೊರೆದು, ಪಕ್ಕದಲ್ಲಿ ವರ್ಷವನ್ನೂ ಬರೆದಿಡಬಹುದು.