ಕಾರುಗಳ ಪಾರ್ಶ್ವ ಡಿಕ್ಕಿ ಪರೀಕ್ಷೆ ಮತ್ತು ರಸ್ತೆ ಬದಿಯ ದೀಪಸ್ತಂಭಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳಿಂದ ಹೊಸ ಕಾರಿನ ನೋಂದಣಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಗಮನಕ್ಕೆ ತರಬಯಸುವುದೇನೆಂದರೆ, ಕೆಎ-42 ನೋಂದಣಿ ದೊರೆತ ಮಾತ್ರಕ್ಕೆ ಆ ಕಾರು ಕಂಬದ ಡಿಕ್ಕಿಯ ಪರೀಕ್ಷೆಗೆ ಒಳಪಟ್ಟಿದೆ ಎಂದು ಅರ್ಥವಲ್ಲ.

ಕಡ್ಡಾಯ ಪರೀಕ್ಷೆ: ಪಾರ್ಶ್ವ ಡಿಕ್ಕಿ ಪರೀಕ್ಷೆಯು ಹೊಸ ಮಾದರಿಯ ಕಾರುಗಳಿಗೆ 2017ರ ಅಕ್ಟೋಬರ್ 1ರಿಂದ, ಉಳಿದ ಮಾದರಿಗಳಿಗೆ 2019ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿದೆ. ಇದರಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಗಾಲಿಬಂಡಿಯನ್ನು ನಿಂತ ಕಾರಿನ ಪಕ್ಕಕ್ಕೆ ಗುದ್ದಿಸಲಾಗುತ್ತದೆ. ಸದರಿ ಬಂಡಿಯ ಮುಖವು ಅಗಲವಾಗಿದ್ದು ಕುಗ್ಗುವಂತಿರುವುದರಿಂದ ಹೊಡೆತವು ಹಂಚಿಹೋಗುತ್ತದೆ. ಕಂಬವಾದರೋ ಗೇಣಗಲದ ಜಾಗದಲ್ಲಿಯೇ ಬಾಗಿಲನ್ನು ಒಳಕ್ಕೆ ತಳ್ಳುತ್ತದೆ. ಕಾರಿನ ಮುಂಭಾಗದಲ್ಲಿ ಹೊಡೆತವನ್ನು ಹೀರಲು ಇಂಜಿನ್ ಕೋಣೆಯಿದೆ. ಪಕ್ಕದಲ್ಲಿ ಬಾಗಿಲಿನ ದಪ್ಪವಷ್ಟೇ ಇದೆ.

ಕಂಬದ ಪರೀಕ್ಷೆ: 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಯೋಜನೆಯಲ್ಲಿ, ಮೂರು ಅಥವಾ ಹೆಚ್ಚಿನ ನಕ್ಷತ್ರ ಶ್ರೇಣಿಗಾಗಿ ಕಾರನ್ನು ಗಂಟೆಗೆ 29 ಕಿ.ಮೀ. ವೇಗದಲ್ಲಿ ಕಂಬಕ್ಕೆ ಪಕ್ಕದಿಂದ ಡಿಕ್ಕಿ ಹೊಡೆಸಿ ಪರಿಶೀಲಿಸುವುದನ್ನು ನಿಗದಿಪಡಿಸಲಾಯಿತು. ಈ ಯೋಜನೆಯು ತಯಾರಕರ ಸ್ವಇಚ್ಛೆಗೆ ಬಿಟ್ಟದ್ದು. ನೋಂದಣಿಗೆ ನಕ್ಷತ್ರ ಶ್ರೇಣಿಯ ಅಗತ್ಯವಿಲ್ಲ.

ಕಳಚುವ ಕಂಬಗಳು: ಡಿಕ್ಕಿಯಾದೊಡನೆ ಬುಡದಲ್ಲಿ ಕಳಚಿಕೊಳ್ಳುವ ದೀಪಸ್ತಂಭಗಳು ವಿದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು 1980ರ ದಶಕದಲ್ಲಿ ಸಣ್ಣ ಕಾರುಗಳನ್ನು ಇಂತಹ ಕಂಬಗಳಿಗೆ ಪಕ್ಕದಿಂದ ಗುದ್ದಿಸಿ ಪರೀಕ್ಷಿಸಿತು. ಮುಂಭಾಗದ ಡಿಕ್ಕಿಗೆ ಸುಲಭವಾಗಿ ಕಳಚುವ ಬುಡವು ಪಾರ್ಶ್ವ ಡಿಕ್ಕಿಯಲ್ಲಿಯೂ ಸಕಾಲದಲ್ಲಿ ಕಳಚುತ್ತದೆಂಬ ಖಾತರಿಯಿಲ್ಲ. ಬುಡಕ್ಕೆ ಸಾಕಷ್ಟು ಬಲ ತಲುಪುವ ಮೊದಲೇ ಬಾಗಿಲು ಕುಸಿಯಬಹುದು. ಅಲ್ಲದೆ, ಜನಸಂಚಾರವಿರುವ ಪೇಟೆ ಬೀದಿಗಳಲ್ಲಿ ಕಳಚಿ ಬೀಳುವ ಕಂಬವು ಪಾದಚಾರಿಗಳಿಗೆ ಅಪಾಯಕಾರಿ.

ವೇಗದ ಲೆಕ್ಕ: 2023ರ ಮಾರ್ಚ್ 12ರಂದು ಲೋಕಾರ್ಪಣೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಂಚರಿಸುತ್ತವೆ. ಆ ವೇಗದ ಕಾರಿನಲ್ಲಿರುವ ಚಲನಶಕ್ತಿಯು 29 ಕಿ.ಮೀ. ವೇಗದ ಕಾರಿನದಕ್ಕಿಂತ ಸುಮಾರು 12 ಪಟ್ಟು ಹೆಚ್ಚು. ಆದುದರಿಂದ ಐದು ನಕ್ಷತ್ರದ ಕಾರಾಗಲಿ, ಕಳಚುವ ಕಂಬವಾಗಲಿ ಮಿತಿಮೀರಿದ ವೇಗಕ್ಕೆ ಪರಿಹಾರವಲ್ಲ.

ಅರ್ಜಿದಾರರು ಕಾರು ಖರೀದಿಸುವ ಮುನ್ನ ಅದರ ನಕ್ಷತ್ರ ಶ್ರೇಣಿಯನ್ನೂ, ತಲೆಯನ್ನು ರಕ್ಷಿಸುವ ಪಾರ್ಶ್ವ ಪರದೆ ಏರ್‌ಬ್ಯಾಗ್ ಇದೆಯೇ ಎಂಬುದನ್ನೂ ವಿಚಾರಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಂಬ ಅಥವಾ ತಡೆಬೇಲಿ ಹಾನಿಗೊಂಡಿದ್ದಲ್ಲಿ 1033 ಸಂಖ್ಯೆಗೂ, ಪಟ್ಟಣದ ಬೀದಿಗಳಲ್ಲಾದರೆ ಆಯಾ ನಗರಸಭೆ ಅಥವಾ ಪುರಸಭೆಗೂ ತಿಳಿಸಲು ಕೋರಲಾಗಿದೆ.