ಕನ್ನಡಿ ನಂಬಬೇಡಿ, ಟೇಪು ಹಿಡಿಯಿರಿ

ರಜೆಯಲ್ಲಿ ಊರಿಗೆ ಹೋದರೆ ಎಲ್ಲರ ಕಣ್ಣು ಮೊದಲು ಬೀಳುವುದು ನಮ್ಮ ಮೈಮೇಲೆ. ಸಣ್ಣಗಾಗಿದ್ದರೆ, "ಅಯ್ಯೋ, ಸೊರಗಿ ಹೋಗಿದ್ದಾನೆ, ಅಲ್ಲಿ ಊಟ ಸರಿಯಿಲ್ಲವೇನೋ" ಎಂದು ಮರುಗುತ್ತಾರೆ. ಹೊಟ್ಟೆ ಮುಂದೆ ಬಂದಿದ್ದರೆ, "ಮೈಕೈ ತುಂಬಿಕೊಂಡಿದ್ದಾನೆ, ಸುಖವಾಗಿದ್ದಾನೆ" ಎನ್ನುತ್ತಾರೆ. ಅದೇ ಹೆಣ್ಣುಮಗಳಾದರೆ, "ಇಷ್ಟು ದಪ್ಪ ಆಗಿದ್ದೀಯಲ್ಲ!" ಗಂಡಸಿಗೆ ಹೊಗಳಿಕೆ, ಹೆಂಗಸಿಗೆ ಚುಚ್ಚುಮಾತು. ಹೀಗಿರುವಾಗ ನಮ್ಮ ತೂಕದ ಸರಿಯಾದ ಅಂದಾಜು ನಮಗೆ ಎಲ್ಲಿಂದ ಬರಬೇಕು?

ಪಕ್ಕದವರನ್ನು ನೋಡಿ ನಮ್ಮನ್ನು ಅಳೆದುಕೊಳ್ಳುವುದು ಇನ್ನೊಂದು ತಪ್ಪು. ಮಲೇಷ್ಯಾದ ನಿಲಾಯ್ ಪಟ್ಟಣ ನಮಗೆ ತೀರಾ ಪರಕೀಯವಲ್ಲ. ನಮ್ಮ ಮಣಿಪಾಲದ ಹೆಸರು ಹೊತ್ತ ವಿಶ್ವವಿದ್ಯಾಲಯ ಅಲ್ಲಿ ತಲೆಯೆತ್ತಿತು. ಆ ದೇಶದ 2023ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 54.4 ಮಂದಿಗೆ ಅತಿತೂಕ ಅಥವಾ ಬೊಜ್ಜು. ಅರ್ಧಕ್ಕಿಂತ ಹೆಚ್ಚು ಜನ ಹಾಗಿರುವಾಗ, ನಿಲಾಯ್‌ನ ಹೋಟೆಲಿನಲ್ಲಿ ಊಟಕ್ಕೆ ಕುಳಿತವನಿಗೆ ತಾನು ಸರಿಯಾಗಿಯೇ ಇದ್ದೇನೆ ಅನಿಸುವುದು ಸಹಜ. ನಮ್ಮ ರೂಮುಗಳಲ್ಲೂ ನಡೆಯುವುದು ಇದೇ.

ತೂಕದ ಯಂತ್ರವೊಂದನ್ನೇ ನಂಬಿದರೂ ಮೋಸ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ತಮ್ಮನ್ನೇ ಅಳೆದುಕೊಂಡು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ನಮ್ಮವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು. ಅದಕ್ಕೇ ಭಾರತೀಯರಿಗೆ ಅತಿತೂಕದ ಗೆರೆ 25 ಅಲ್ಲ, 23. 170 ಸೆಂ.ಮೀ. ಎತ್ತರದವನು 71 ಕಿಲೋ ಇದ್ದರೆ ಹಳೆಯ ಲೆಕ್ಕದಲ್ಲಿ ಪಾಸು, ನಮ್ಮ ಲೆಕ್ಕದಲ್ಲಿ ಫೇಲು.

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. "ಹತ್ತು ವರ್ಷದಿಂದ ನನ್ನದು 34ರ ಪ್ಯಾಂಟೇ" ಎನ್ನಬೇಡಿ. ನಾವು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಟೇಪು ಹಿಡಿಯಿರಿ.

ಇದು ಚೆಂದದ ಮಾತಲ್ಲ. ಹೊಟ್ಟೆಯ ಕೊಬ್ಬಿನ ಹಿಂದೆಯೇ ಶುಗರ್, ಬಿಪಿ, ಹೃದಯದ ತೊಂದರೆ ಬರುತ್ತವೆ, ಅದೂ ಸದ್ದಿಲ್ಲದೆ. ದುಡಿಯಲು ಬಂದ ನಮಗೆ ಮೈಯೇ ಬಂಡವಾಳ. ಅದು ಕೈಕೊಟ್ಟರೆ ಊರಿನ ಸಾಲ, ಮಕ್ಕಳ ಫೀಸು, ಅರ್ಧ ಕಟ್ಟಿದ ಮನೆ, ಎಲ್ಲವೂ ನಿಲ್ಲುತ್ತವೆ.

ನನ್ನದೊಂದು ಸಲಹೆ. ಮುಂದಿನ ರಾಜ್ಯೋತ್ಸವದಲ್ಲಿ ಊಟದ ಕೂಪನ್ ಕೊಡುವ ಮೇಜಿನ ಪಕ್ಕ ಸಂಘವು ಒಂದು ಟೇಪು, ಒಂದು ತೂಕದ ಯಂತ್ರ ಇಡಲಿ. ಅಳತೆಯನ್ನು ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಡಲಿ. ಯಾರನ್ನೂ ನಗೆಪಾಟಲು ಮಾಡುವುದು ಬೇಡ. ಊರಿನವರು ಏನಾದರೂ ಹೇಳಲಿ, ನಮ್ಮ ಅಳತೆ ನಮಗೆ ಗೊತ್ತಿರಲಿ.